ಕೈಕೆಳಗಿನ ರೂಟರ್

ಬೀದಿಯವರೆಲ್ಲ ಬೆನ್ನ ಹಿಂದೆ ಅವರನ್ನು ಡೆಪ್ಯೂಟಿ ಎಂದೇ ಕರೆಯುತ್ತಿದ್ದರು. ನೀರು ಸರಬರಾಜು ಕಚೇರಿಗೆ ಉಪ ಅಧಿಕಾರಿಯಾಗಿ ಸೇರಿ, ಉಪ ಅಧಿಕಾರಿಯಾಗಿಯೇ ನಿವೃತ್ತರಾದ ಮಹಾನುಭಾವ. ಸೇವೆಯಿಡೀ ಒಂದು ಕಾಗದಕ್ಕೂ ಸ್ವಂತ ಅಧಿಕಾರದಲ್ಲಿ ಸಹಿ ಹಾಕಿದವರಲ್ಲ. ಹಾಕಿದ್ದೆಲ್ಲ ಮೇಲಿನವರ 'ಪರವಾಗಿ'. ಆ ಸಂಕಟವನ್ನೆಲ್ಲ ಗಂಟು ಕಟ್ಟಿಕೊಂಡು ಮನೆ ಸೇರಿದವರು ಫ್ಯಾನಿನ ವೇಗಕ್ಕೂ ಕಿಟಕಿಯ ಪರದೆಗೂ ಆಜ್ಞೆ ಹೊರಡಿಸತೊಡಗಿದರು. ಕೇಳುವ ಕರ್ಮ ಸೊಸೆಯದು.

ಸೊಸೆ ಮಹಡಿಯ ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು, ಎಲ್ಲೆಲ್ಲಿಯದೋ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದಳು. ಕೆಲಸ ಇನ್ನೂ ತಾತ್ಕಾಲಿಕ. ಶುಕ್ರವಾರ ಮೇಲ್ವಿಚಾರಕಿ ಪಾಠ ನೋಡಿ ಒಪ್ಪಿದರೆ ಕಾಯಂ, ಇಲ್ಲದಿದ್ದರೆ ಮನೆಗೆ. ಮಹಡಿಗೆ ಸಿಗ್ನಲ್ ಸಾಲುತ್ತಿಲ್ಲವೆಂದು ಗಂಡನ ಹತ್ತಿರ ಅಂದದ್ದೇ ಅವಳು ಮಾಡಿದ ತಪ್ಪು. ಮಾವ ಕೇಳಿಸಿಕೊಂಡರು. ನಾಲ್ಕು ಕೊಂಬಿನ ರೂಟರೊಂದನ್ನು ತಂದರು, ನಡುಮನೆಯಲ್ಲಿದ್ದ, ಇಂಟರ್ನೆಟ್ ಕಂಪನಿ ಪುಕ್ಕಟೆ ಕೊಟ್ಟಿದ್ದ ರೂಟರಿನಿಂದ ವೈರು ಎಳೆದರು, ಮೆಟ್ಟಿಲ ಮೇಲ್ತುದಿಯ ಗೋಡೆಗೆ ಮೊಳೆ ಹೊಡೆದು ಕೂರಿಸಿದರು. ಜೊತೆಗೆ ಬಂದ ಪುಸ್ತಿಕೆಯನ್ನು ಓದಿದರೇ? ಅವರಿಗೆ ತಿಳಿಯದ್ದು ಪುಸ್ತಿಕೆಯಲ್ಲಿ ಏನಿದ್ದೀತು!

ಅಲ್ಲಿಂದ ಮನೆಗೆ ಗ್ರಹಚಾರ ಹಿಡಿಯಿತು. ಸಿಗ್ನಲ್ಲಿನ ಗೀಟುಗಳು ತುಂಬಿರುತ್ತಿದ್ದವು, ಒಂದು ಪುಟವೂ ತೆರೆಯುತ್ತಿರಲಿಲ್ಲ. ಮಾವ ಫೋನ್ ಕೈಗೆತ್ತಿಕೊಂಡರೆ ಸೊಸೆಯ ಪಾಠ ನಿಲ್ಲುತ್ತಿತ್ತು. ಅವಳು ಒಂದು ಮಧ್ಯಾಹ್ನವಿಡೀ ತಲೆ ಕೆಡಿಸಿಕೊಂಡು ಎರಡೂ ರೂಟರಿನ ಸೆಟ್ಟಿಂಗ್ ತೆರೆದು ನೋಡಿದಾಗ ರೋಗ ಸಿಕ್ಕಿತು.

"ಮಾವ, ಮನೇಲಿರೋ ಒಂದೊಂದು ಫೋನಿಗೂ ಒಂದೊಂದು ನಂಬರ್ ಕೊಡೋದು ರೂಟರ್ ಕೆಲಸ. ಈಗ ಎರಡೂ ಕೊಡ್ತಾ ಇವೆ. ಒಂದು ಕೊಟ್ಟಿದ್ದು ಇನ್ನೊಂದಕ್ಕೆ ಗೊತ್ತಿಲ್ಲ. ನಿಮ್ಮ ಫೋನಿಗೂ ನನ್ನ ಲ್ಯಾಪ್‌ಟಾಪಿಗೂ ಒಂದೇ ನಂಬರ್ ಬಂದಿದೆ. ಸಾಲದ್ದಕ್ಕೆ ಎರಡು ರೂಟರಿನ ಸ್ವಂತ ನಂಬರೂ ಒಂದೇ. ಹೊರಗೆ ಹೋಗೋ ದಾರಿ ಯಾವುದನ್ನ ಕೇಳ್ಬೇಕು ಅಂತ ಲ್ಯಾಪ್‌ಟಾಪಿಗೆ ತಿಳೀತಾ ಇಲ್ಲ."

"ಅದಕ್ಕೀಗ ಏನ್ ಮಾಡ್ಬೇಕಂತೆ?"

"ನಿಮ್ಮದರ ನಂಬರ್ ಬದಲಾಯಿಸಿ, ಅದು ಹಂಚೋದನ್ನ ನಿಲ್ಲಿಸಿದ್ರೆ ಸಾಕು. ಕೆಳಗಿನ ರೂಟರ್ ಹೇಳಿದ ಹಾಗೆ ಕೇಳ್ಕೊಂಡು, ಮಹಡಿಗೆ ಸಿಗ್ನಲ್ ಕೊಡುತ್ತೆ."

ಡೆಪ್ಯೂಟಿಯ ಮುಖ ಕೆಂಪಾಯಿತು. "ಅಂದ್ರೆ, ನಾನು ತಂದ ರೂಟರು ಆ ಪುಕ್ಕಟೆ ಡಬ್ಬದ ಕೈಕೆಳಗೆ ದುಡೀಬೇಕಾ? ಸಾಧ್ಯವೇ ಇಲ್ಲ!"

ಒಂದು ಪ್ಲಾಸ್ಟಿಕ್ ಡಬ್ಬಕ್ಕೂ ಮಾನ ಮರ್ಯಾದೆ ಉಂಟೆಂದು ಸೊಸೆ ಅವತ್ತೇ ತಿಳಿದದ್ದು. ವಾದಿಸಿ ಗಂಟಲು ಒಣಗಿಸಿಕೊಳ್ಳಲಿಲ್ಲ. ಮಾವ ವಾಕಿಂಗಿಗೆ ಹೋದಾಗ ಸದ್ದಿಲ್ಲದೆ ಅವರ ರೂಟರಿನ ನಂಬರು ಬದಲಾಯಿಸಿ, ಅದು ಹಂಚುವುದನ್ನೂ ನಿಲ್ಲಿಸಿದಳು. ಮನೆಯೆಲ್ಲ ಸುಸೂತ್ರವಾಯಿತು. ಎಲ್ಲರಿಗೂ ನೆಮ್ಮದಿ, ಡೆಪ್ಯೂಟಿಯೊಬ್ಬರನ್ನು ಬಿಟ್ಟು. ಶುಕ್ರವಾರ ಬೆಳಿಗ್ಗೆ ಅವರು ಸೆಟ್ಟಿಂಗ್ ನೋಡಲೆಂದು ತಮ್ಮ ರೂಟರಿನ ಹಳೆಯ ನಂಬರು ಒತ್ತಿದರೆ ತೆರೆದುಕೊಂಡದ್ದು ಕಂಪನಿಯ ರೂಟರಿನ ಪುಟ. ತನ್ನ ಸ್ವಂತ ರೂಟರು ತನಗೇ ಬಾಗಿಲು ತೆಗೆಯುತ್ತಿಲ್ಲ! ಅಂಗಡಿಯವನಿಗೆ ಫೋನು ಹೋಯಿತು. ಹಿಂದಿರುವ ಸಣ್ಣ ತೂತಿಗೆ ಪಿನ್ನು ಒತ್ತಿ ಹಿಡಿದರೆ ಎಲ್ಲ ಮೊದಲಿನಂತಾಗುತ್ತದೆ ಎಂದನಂತೆ.

ಒಳಗೆ ಸೊಸೆ ಭಿನ್ನರಾಶಿಯ ಪಾಠದ ನಡುವಿನಲ್ಲಿದ್ದಳು. ಮೇಲ್ವಿಚಾರಕಿ ತಲೆದೂಗುತ್ತಿದ್ದಳು. ಆ ಮುಖ ಹಾಗೆಯೇ ಪರದೆಯ ಮೇಲೆ ನಿಂತುಬಿಟ್ಟಿತು. ಎಷ್ಟು ಹೆಣಗಿದರೂ ಸಂಪರ್ಕ ಮತ್ತೆ ಕೂಡಿಕೊಳ್ಳಲಿಲ್ಲ. ಕೊನೆಗೆ ಅವಳ ಫೋನಿಗೆ ಸಂದೇಶ ಬಂತು: ಹೀಗೆ ನಡುವೆ ಕೈಕೊಡುವವರನ್ನು ಕಾಯಂ ಮಾಡಲು ಬರುವುದಿಲ್ಲ, ಕ್ಷಮಿಸಿ.

ಅವಳು ಹೊರಗೆ ಬಂದಳು. ಮಾವ ಮೆಟ್ಟಿಲ ಬಳಿ ಪಿನ್ನು ಹಿಡಿದು ಗೆದ್ದವರಂತೆ ನಿಂತಿದ್ದರು.

"ಯಾರೋ ಹಾಳು ಮಾಡಿಟ್ಟಿದ್ರು. ನಾನೇ ಸರಿ ಮಾಡಿದೆ ನೋಡು."

ಅವಳಿಗೆ ಅಳು ಒತ್ತಿಕೊಂಡು ಬಂತು. ಅದಕ್ಕಿಂತ ಮೊದಲು ಮಾತು ಬಂತು.

"ಆಫೀಸಲ್ಲಿ ನಿಮಗೆ ಯಾಕೆ ಪ್ರಮೋಷನ್ ಕೊಡಲಿಲ್ಲ ಅಂತ ಇವತ್ತು ಅರ್ಥ ಆಯ್ತು, ಮಾವ."

ಅವಳು ಅವರ ಕೈಯಿಂದ ಪಿನ್ನು ಕಿತ್ತುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.