ಮೆಟ್ಟು ಬಿಟ್ಟು ಹತ್ತಿದ ಮೋಟಾರು

ಅಪ್ಪನಿಗೆ ನನ್ನ ಮೋಟಾರಿನ ಮೇಲೆ ಸಿಟ್ಟಿರಲಿಲ್ಲ, ಅದು ನಿಂತ ಜಾಗದ ಮೇಲೆ ಕಣ್ಣಿತ್ತು. ಹಿರೇಕೆರೂರಿನಲ್ಲಿ ನಮ್ಮದು ಶೇಂಗಾ ವ್ಯಾಪಾರದ ಮನೆ. ಸುಗ್ಗಿ ಬಂತೆಂದರೆ ಹಿತ್ತಲ ಕೊಟ್ಟಿಗೆಯ ತುಂಬ ಚೀಲ ಒಟ್ಟಬೇಕು. ಅಂಥ ಕೊಟ್ಟಿಗೆಯಲ್ಲಿ, ಸವಣೂರಿನಿಂದ ಎತ್ತು ಕಟ್ಟಿ ಎಳೆಸಿಕೊಂಡು ತಂದ ನನ್ನ ಹಳೆಯ ಮೋಟಾರು ಕಾರು ಆರಾಮಾಗಿ ಮಲಗಿತ್ತು. ಆಗಷ್ಟೇ ಎರಡನೆಯ ಮಹಾಯುದ್ಧ ಮುಗಿದಿತ್ತು, ನನಗೆ ಮದುವೆಯ ವಯಸ್ಸು. ಬೇರೆಯವರು ಕನ್ಯೆ ನೋಡಲು ಹೋಗುವಾಗ ನಾನು ಮೋಟಾರಿಗೆ ಗೇರು ಹುಡುಕಿಕೊಂಡು ಹಾನಗಲ್ಲಿಗೆ ಹೋಗುತ್ತಿದ್ದೆ.

ಒಂದು ದಿನ ಊಟಕ್ಕೆ ಕುಳಿತಾಗ ಅಪ್ಪ ತೀರ್ಪು ಕೊಟ್ಟುಬಿಟ್ಟ. "ಸೀಗಿ ಹುಣ್ಣಿವಿಗೆ ಚರಗದ ಬುಟ್ಟಿ ಇದರಾಗ ಹೊಲಕ್ಕ ಹೋತಂದ್ರ ಮೋಟಾರ ಇಲ್ಲೇ ಇರಲಿ. ಹೋಗಲಿಲ್ಲಂದ್ರ ಮರುದಿನ ಗುಜರಿಯವ ಒಯ್ತಾನ. ನನಗ ಚೀಲ ಇಡಾಕ ಜಾಗಾ ಬೇಕು."

ಸೀಗೆ ಹುಣ್ಣಿಮೆಯೆಂದರೆ ನಮ್ಮಲ್ಲಿ ಭೂಮಿತಾಯಿಯ ಬಯಕೆಯ ಊಟ. ಪೈರು ಹೊತ್ತ ಹೊಲ ಬಸುರಿ ಹೆಂಗಸು ಎಂದೇ ಲೆಕ್ಕ. ಕಡುಬು, ರೊಟ್ಟಿ, ಪಲ್ಯ ಎಲ್ಲವನ್ನೂ ಬುಟ್ಟಿಯಲ್ಲಿ ತುಂಬಿಕೊಂಡು ಬಂಡಿಯಲ್ಲಿ ಹೋಗಿ, ಭೂಮಿತಾಯಿಯ ಪಾಲಿನ ಎಡೆಯಾದ ಚರಗವನ್ನು ಹೊಲದ ತುಂಬ ಚೆಲ್ಲಿ, ನಂತರ ನಾವು ಉಣ್ಣುತ್ತೇವೆ. ಆ ಬುಟ್ಟಿಯನ್ನು ಮೋಟಾರಿನಲ್ಲಿ ಒಯ್ಯುವುದೆಂದರೆ ಅಪ್ಪನ ಪ್ರಕಾರ ಆಗದ ಮಾತು. ಅದಕ್ಕೇ ಆ ಶರತ್ತು ಹಾಕಿದ್ದ.

ಆ ಮೋಟಾರಿನದು ಕಾಲಿನಿಂದಲೇ ಗೇರು ಬದಲಿಸುವ ಹಳೆಯ ಪದ್ಧತಿ, ಆ ಗೇರೂ ಸವೆದು ಹಾಳಾಗಿತ್ತು. ನನಗೋ ಬಸ್ಸಿನ ಡ್ರೈವರನ ಹಾಗೆ ಕೈಯಿಂದ ಗೇರಿನ ಹಿಡಿ ತಳ್ಳುವ ಹುಚ್ಚು. ಹಾನಗಲ್ಲಿನಲ್ಲಿ ಕೆಟ್ಟು ಮೂಲೆಗೆ ಬಿದ್ದ ಬಸ್ಸೊಂದರ ಗೇರ್ ಪೆಟ್ಟಿಗೆ, ಉದ್ದನೆಯ ಹಿಡಿ, ಪೆಡಲುಗಳನ್ನು ಬಿಚ್ಚಿಸಿ ತಂದೆ. ನನ್ನ ಗೆಳೆಯ, ನಮ್ಮ ಓಣಿಯ ಕಮ್ಮಾರ, ಅವನ್ನು ನೋಡಿ ಬಹಳ ಹೊತ್ತು ಗಡ್ಡ ಕೆರೆದುಕೊಂಡ. "ಸಣ್ಣ ಸಾವ್ಕಾರ್ರ, ಆನಿಗೆ ಹೊಲಿಸಿದ ಅಂಗಿ ಆಡಿಗೆ ತೊಡಸಾಕ ಹೊಂಟೀರಿ," ಎಂದ. ಆದರೆ ಕೈ ಹಚ್ಚಿದ ಮೇಲೆ ನನಗಿಂತ ಹೆಚ್ಚು ಹುಚ್ಚು ಅವನಿಗೇ ಹಿಡಿಯಿತು.

ಮೋಟಾರಿನ ನೆಲದ ಹಲಗೆಯನ್ನು ಗರಗಸದಿಂದ ಕೊಯ್ದು ಗೇರಿನ ಹಿಡಿಗೆ ಕಿಂಡಿ ಮಾಡಿದೆವು. ಕುಳಿತರೆ ಹಿಡಿ ನನ್ನ ಗದ್ದಕ್ಕೆ ಬಡಿಯುತ್ತಿತ್ತು. ಗೆಳೆಯ ಅದನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಬಗ್ಗಿಸಿದ. ಈಗ ಮೊಣಕಾಲಿಗೆ ಬಡಿಯತೊಡಗಿತು. ನಾನು ಬೈದೆ, ಅವನು ನನ್ನ ಮೊಣಕಾಲನ್ನೇ ಬೈದ. ಕೈಲಾಗದವ ಮೈ ಪರಚಿಕೊಂಡ ಎನ್ನುವಂತೆ ನಾನು ಸುತ್ತಿಗೆ ಎಸೆದು ಮನೆಗೆ ಹೋಗುವುದು, ಚಹಾ ಕುಡಿದು ಮತ್ತೆ ಬರುವುದು, ಹೀಗೆ ಕೆಲಸ ಸಾಗಿತು. ಕಿಂಡಿಯಿಂದ ಧೂಳು, ಕಾವು ಮೇಲೆ ಬಾರದಂತೆ ಎರಡು ಸೀಟಿನ ನಡುವೆ ಸಾಗವಾನಿ ಪೆಟ್ಟಿಗೆಯೊಂದನ್ನು ಕೂರಿಸಿದೆವು. ಅದರ ನೆತ್ತಿಯಿಂದ ಗೇರಿನ ಹಿಡಿ ಎದ್ದು ನಿಂತಿತು, ಮುಂಬದಿಗೆ ದೀಪದ ಗುಂಡಿ ಬಂತು. ಎಲೆಅಡಿಕೆ ಇಡಲು ಒಂದು ಗೂಡೂ ಬೇಕೆಂದು ಅವ್ವ ಹಟ ಹಿಡಿದಳು. ಅದನ್ನೂ ಮಾಡಿದೆವು.

ಕೊನೆಗೆ ಪೆಡಲುಗಳು. ಕ್ಲಚ್ಚು, ಬ್ರೇಕು, ಎಕ್ಸಲರೇಟರು ಎಷ್ಟು ದೂರದಲ್ಲಿರಬೇಕೆಂದು ನಾನು ಸೀಟಿನಲ್ಲಿ ಕುಳಿತು ಕಾಲು ಚಾಚಿದೆ, ಅವನು ಗುರುತು ಹಾಕಿ ಬಿಗಿದ. ಸೀಟನ್ನೂ ಬೋಲ್ಟು ಹಾಕಿ ಅಲುಗಾಡದಂತೆ ಕೂರಿಸಿದ. ಹುಣ್ಣಿಮೆಯ ಹಿಂದಿನ ದಿನ ಕೆರೆಯ ತನಕ ಹೋಗಿ ಬಂದೆವು. ಒಂದನೆಯ ಗೇರು, ಎರಡನೆಯ ಗೇರು, ಬೆಣ್ಣೆಯಲ್ಲಿ ಕೈಯಾಡಿಸಿದಂತೆ. ಗೆಳೆಯ ಪಕ್ಕದಲ್ಲಿ ಕುಳಿತು, ದಾರಿಯಲ್ಲಿ ಸಿಕ್ಕವರಿಗೆಲ್ಲ ಸಾಹೇಬನಂತೆ ಕೈ ಎತ್ತಿದ. ನಾನು ಅಷ್ಟು ಸುಖವಾಗಿ ಆವರೆಗೆ ಎಂದೂ ನಕ್ಕಿರಲಿಲ್ಲ.

ಹುಣ್ಣಿಮೆಯ ಬೆಳಿಗ್ಗೆ ಅವ್ವ ಆರತಿ ಹಿಡಿದು ಬಂದಳು. ಪ್ರತಿವರ್ಷ ಹೊರಡುವ ಮೊದಲು ಬಂಡಿಗೂ ಎತ್ತಿಗೂ ಅವಳದೇ ಪೂಜೆ. "ಎತ್ತು ಎಲ್ಲಿ ಅದಾವೋ ಇದಕ್ಕ?" ಎಂದು ಕೇಳಿದಳು.

ನಾನು ಜಂಬದಿಂದ ಪೆಡಲು ತೋರಿಸಿದೆ. "ಇವ ನೋಡವ್ವ ನಮ್ಮ ಎತ್ತು. ಇವನ್ನ ತುಳದ್ರ ಗಾಡಿ ಹೋಗತೈತಿ."

ಅವ್ವ ಬಗ್ಗಿ ಪೆಡಲುಗಳಿಗೆ ವಿಭೂತಿ ಬಳಿದಳು, ಕುಂಕುಮ ಇಟ್ಟಳು, ಚೆಂಡುಹೂ ಏರಿಸಿದಳು, ಬುಟ್ಟಿಯನ್ನು ಹಿಂದಿನ ಸೀಟಿಗೆ ಇಡಿಸಿದಳು. ನಾನು ಹತ್ತಲು ಹೋದರೆ ತಡೆದಳು. "ಮೆಟ್ಟು ಕಳದ ಹತ್ತು. ಪೂಜಿ ಆಗೇತಿ, ಚರಗ ಕುಂತೈತಿ."

ಮೆಟ್ಟು ಕಳೆದೆ. ಪೆಡಲುಗಳನ್ನು ಮುಟ್ಟಿ ನಮಸ್ಕರಿಸಿ, ಬರಿಗಾಲಲ್ಲಿ ಕ್ಲಚ್ಚು ಒತ್ತಿ ಗೇರು ಹಾಕಿದೆ. ಕರಕರ ಸದ್ದಿಗೆ ಓಣಿಯ ನಾಯಿಗಳೆಲ್ಲ ಎದ್ದು ನಿಂತವು. ಮತ್ತೆ ಒತ್ತಿದೆ, ಮತ್ತೆ ಕರಕರ. ಅಳತೆ ಕೊಡುವ ದಿನ ನನ್ನ ಕಾಲಲ್ಲಿ ದಪ್ಪ ಅಟ್ಟೆಯ ಮೆಟ್ಟಿತ್ತು! ಬರಿಗಾಲಿಗೆ ಕ್ಲಚ್ಚು ಪೂರ್ತಿ ಒಳಗೆ ಹೋಗುತ್ತಿರಲಿಲ್ಲ. ಸೀಟಿನ ತುದಿಗೆ ಜರುಗಿದರೆ ಬೆನ್ನಿಗೆ ಆಸರೆಯಿಲ್ಲ, ಒತ್ತಿದಷ್ಟೂ ನಾನೇ ಹಿಂದಕ್ಕೆ ಜಾರುತ್ತಿದ್ದೆ.

"ಅವ್ವ, ಇವತ್ತೊಂದಿನ ಮೆಟ್ಟು ಹಾಕ್ಕೊಳ್ತೇನಿ," ಎಂದು ಬೇಡಿಕೊಂಡೆ.

"ಎತ್ತು ಅಂದಾಂವ ನೀನ," ಎಂದಳು ಅವ್ವ.

ಗೆಳೆಯ ತಲೆ ತಗ್ಗಿಸಿ ನಿಂತ. ಮನೆಯ ಆಳು, ಬಂಡಿ ಹೂಡಲೇ ಎಂದು ಅಪ್ಪನ ಮುಖ ನೋಡಿದ. ನನಗೆ ಅಷ್ಟು ದೊಡ್ಡವನಾಗಿಯೂ ಎಲ್ಲರೆದುರು ಅತ್ತೇಬಿಡುತ್ತೇನೆ ಅನ್ನಿಸಿತು.

ಅಪ್ಪ ಅಂಗಡಿಯೊಳಗೆ ಹೋದ. ಬಂದಾಗ ಅವನ ಕಂಕುಳಲ್ಲಿ ಗಾದಿಯ ಮೇಲಿನ ಲೋಡುದಿಂಬು. ಇಡೀ ದಿನ ಅವನು ಒರಗಿ ವ್ಯಾಪಾರ ಮಾಡುತ್ತಿದ್ದ ಲೋಡದು. ಬೀಗರು ಬಂದರೂ ಅದನ್ನು ಬಿಟ್ಟುಕೊಟ್ಟವನಲ್ಲ. "ಮುಂದ ಸರಿ," ಎಂದು ಅದನ್ನು ನನ್ನ ಬೆನ್ನ ಹಿಂದೆ ತುರುಕಿ, ಅಂಗೈಯಿಂದ ಎರಡು ಸಲ ಬಡಿದು ಕೂರಿಸಿದ. "ಈಗ ತುಳಿ."

ತುಳಿದೆ. ಕ್ಲಚ್ಚು ನೆಲ ಮುಟ್ಟಿತು, ಗೇರು ಸದ್ದಿಲ್ಲದೆ ಬಿತ್ತು. ಅಪ್ಪ ಪಕ್ಕದಲ್ಲಿ ಹತ್ತಿ ಕುಳಿತ. ಅವ್ವ ಹಿಂದೆ ಬುಟ್ಟಿ ತಬ್ಬಿಕೊಂಡಳು, ಗೆಳೆಯ ಫುಟ್‌ಬೋರ್ಡಿನ ಮೇಲೆ ನಿಂತ. ಚಿಕ್ಕೇರೂರಿನ ದಾರಿ ಹಿಡಿದೆವು. ಬಂಡಿಗಳವರು ಎತ್ತು ಬೆದರದಂತೆ ಹಗ್ಗ ಬಿಗಿಹಿಡಿದು ನಮ್ಮನ್ನು ಬೈದರು, ನಕ್ಕರು. ಅಂದು ಹೊಲದಲ್ಲಿ ಉಂಡ ಕಡುಬಿನಷ್ಟು ರುಚಿ ಮತ್ತೆ ಯಾವ ಕಡುಬಿಗೂ ಸಿಗಲಿಲ್ಲ.

ಸಂಜೆ ಮನೆಗೆ ಬಂದು ಲೋಡು ತೆಗೆದು ಧೂಳು ಕೊಡವಿ ಅಪ್ಪನ ಮುಂದೆ ಹಿಡಿದೆ. ಅವನು ಗಾದಿಯ ಮೇಲೆ ಕುಳಿತು ತಕ್ಕಡಿಯ ಸರಪಳಿ ಬಿಡಿಸುತ್ತಿದ್ದ.

"ಗಾಡ್ಯಾಗ ಇರಲಿ ಬಿಡು," ಎಂದು ಹಿಂದಿನ ಗೋಡೆಗೆ ಒರಗಿದ. "ನನಗ ಗ್ವಾಡಿ ಐತಿ."