ದಾರಿ ಚೆನ್ನಾಗೈತೆ, ಬಾ

ನನ್ನ ಸೋದರಮಾವನ ಎಡಗೈ ನಡುಗುತ್ತಿತ್ತು. ಟೀ ಲೋಟ ಹಿಡಿದರೆ ಅರ್ಧ ಟೀ ಪಂಚೆಯ ಮೇಲೆ. ಅಂಗಿಯ ಗುಂಡಿ ಹಾಕಲು ಅತ್ತೆಯೇ ಬರಬೇಕು. ಆದರೆ ಅದೇ ಕೈಯನ್ನು ಬೈಕಿನ ಕ್ಲಚ್ ಮೇಲೆ ಇಟ್ಟರೆ ಸಾಕು, ಗದರಿಸಿ ಕೂರಿಸಿದ ಮಗುವಿನ ಹಾಗೆ ಸುಮ್ಮನಾಗುತ್ತಿತ್ತು. ಕ್ಲಚ್ಚಿನ ಹಿಡಿಕೆಯನ್ನು ಅವರು ತಮ್ಮ ಬೆರಳಿಗೆ ಎಟುಕುವಂತೆ ಒಳಕ್ಕೆ ಬಗ್ಗಿಸಿಕೊಂಡಿದ್ದರು. "ನೋಡಮ್ಮ, ಈ ಕೈಗೆ ಕಾಯ್ಲೆ ಏನೂ ಇಲ್ಲ. ಕೆಲ್ಸ ಇಲ್ದೆ ಕುಣೀತೈತೆ, ಅಷ್ಟೇ," ಅನ್ನುತ್ತಿದ್ದರು.

ಹಿಂದೂಪುರದ ಡಾಕ್ಟರು ಹಾಗೆ ಹೇಳಲಿಲ್ಲ. ಇದು ನರದ ಕಾಯಿಲೆ, ನಿಧಾನವಾಗಿ ಹೆಚ್ಚುತ್ತದೆ, ಇನ್ನೊಂದು ವರ್ಷದಲ್ಲಿ ಗಾಡಿ ಬಿಡಬೇಕಾಗುತ್ತದೆ ಎಂದರು. ಮಾವ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಚಪ್ಪಲಿ ಹಾಕಿಕೊಳ್ಳುತ್ತಾ, "ಅಂಗಾದ್ರೆ ಈ ವರ್ಷಾನೇ ಕಾರವಾರಕ್ಕೆ ಹೋಗ್ಬುಡಾನ," ಎಂದರು. ಕಾರವಾರದ ಮಾತು ನಮ್ಮ ಮನೆಯಲ್ಲಿ ಹಳೆಯದು. ನೂಲಿನ ವ್ಯಾಪಾರಕ್ಕೆಂದು ವಯಸ್ಸಿನಲ್ಲಿ ನೆಲ್ಲೂರಿನ ಕಡೆ ಹೋದಾಗ ಸಮುದ್ರದಲ್ಲಿ ಹೊತ್ತು ಹುಟ್ಟುವುದನ್ನು ಅವರು ನೋಡಿದ್ದರು. ಮುಳುಗುವುದನ್ನೂ ನೋಡಬೇಕು, ಅದೂ ತಾವೇ ಗಾಡಿ ಓಡಿಸಿಕೊಂಡು ಹೋಗಿ ನೋಡಬೇಕು. ಜೊತೆಗೆ ನಾನು, ನನ್ನ ಗಾಡಿಯಲ್ಲಿ.

ದಾರಿ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ.

ನಾಲ್ಕು ಪಥದ ಹೈವೇ ಹಿಡಿದರೆ ಕಣ್ಣು ಮುಚ್ಚಿಕೊಂಡು ಹೋಗಬಹುದಲ್ಲ ಎಂದೆ. "ಕಣ್ ಮುಚ್ಕೊಳ್ಳಾಕೆ ಕಾರವಾರ ಯಾಕೆ? ಮನೇಲೇ ಮಲಕ್ಕಂಬೋದು," ಎಂದರು. ಅವರಿಗೆ ನೋಡುವುದಕ್ಕೆ ಏನಾದರೂ ಇರುವ ದಾರಿಯೇ ಆಗಬೇಕು. ಪರಿಗಿ, ರೊದ್ದಂ ದಾಟಿ ಪೆನ್ನೇರು ಹೊಳೆಯ ಮರಳಿನ ಹತ್ತಿರ ಒಂದು ಗಳಿಗೆ ನಿಲ್ಲಬೇಕು. ಕಲ್ಯಾಣದುರ್ಗ ಬರುವ ಮುಂಚೆ ಗುಡ್ಡದ ಮೇಲಿನ ಗಾಳಿಯಂತ್ರಗಳು ಕಾಣಬೇಕು. ರಾಯದುರ್ಗದ ಬಂಡೆ, ಸಂಡೂರಿನ ಕೆಂಪು ಬೆಟ್ಟ, ಕೊನೆಗೆ ಘಟ್ಟ ಇಳಿದು ಸಮುದ್ರ. ನಾನು ಕಾಲೇಜಿನಲ್ಲಿ ಲ್ಯಾಬ್ ಅಸಿಸ್ಟೆಂಟ್. ರಜ ಕೇಳುವುದೇ ಒಂದು ಯುದ್ಧ. ಊಟದ ಬಿಡುವಿನಲ್ಲೆಲ್ಲ ಫೋನಿನ ಮ್ಯಾಪು ಹಿಡಿದು ಕೂತು, ಎಲ್ಲಿ ಸೇತುವೆ ಕೆಲಸ, ಎಲ್ಲಿ ರೈಲ್ವೆ ಗೇಟು ಮುಚ್ಚಿದೆ, ಯಾವ ಘಟ್ಟ ಕುಸಿದಿದೆ ಎಂದೆಲ್ಲ ಹುಡುಕಿ ದಾರಿ ಹಾಕಿ ತಂದು ತೋರಿಸಿದರೆ, ಮಾವ ಅದನ್ನು ಅರ್ಧ ನೋಡಿ, "ಇರು, ಕೇಳ್ಬುಡ್ತೀನಿ," ಎಂದು ಫೋನು ತೆಗೆಯುತ್ತಿದ್ದರು.

ಕೇಳುವುದು ಯಾರನ್ನು? ನೆಂಟರನ್ನು. ನಮ್ಮದು ನೇಯ್ಗೆಯ ಮನೆತನ. ಮಾವ ಹಿಂದೂಪುರದ ಪೇಟೆಯಲ್ಲಿ ಜರಿ, ರೇಷ್ಮೆ ನೂಲಿನ ಸಣ್ಣ ಅಂಗಡಿ ಇಟ್ಟಿದ್ದವರು. ಮಗ್ಗ ಇದ್ದ ಊರಿನಲ್ಲೆಲ್ಲ ಅವರಿಗೊಬ್ಬ ಷಡ್ಡಕನೋ, ಬೀಗರೋ, ಅತ್ತಿಗೆಯೋ ಇದ್ದೇ ಇರುತ್ತಿದ್ದರು. "ರೋಡ್ ಹೆಂಗೈತಪ್ಪ ನಿಮ್ ಕಡೆ?" ಎಂದು ಇವರು ಕೇಳುವುದು, "ಚೆನ್ನಾಗೈತೆ, ಬಾ. ಮಧ್ಯಾನ ಊಟಕ್ಕೆ ಇಲ್ಗೇ ಬಾ," ಎಂದು ಅವರು ಹೇಳುವುದು. ಒಬ್ಬರಾದರೂ, ಒಂದೇ ಒಂದು ಸಲವಾದರೂ, ದಾರಿ ಕೆಟ್ಟಿದೆ ಎಂದದ್ದನ್ನು ನಾನು ಕೇಳಲಿಲ್ಲ. ಊರಿನ ಮುಂದಿನ ಸೇತುವೆಯೇ ಕೊಚ್ಚಿ ಹೋಗಿದ್ದರೂ ಅವರಿಗೆ ದಾರಿ ಚೆನ್ನಾಗಿಯೇ ಇರುತ್ತಿತ್ತು.

ಮೊದಲನೇ ಸಲ, ದಸರಾ ಮುಗಿದ ಮೇಲೆ, ಬ್ಯಾಗು ಕಟ್ಟಿ ನಿಂತಿದ್ದೆವು. ಘಟ್ಟದಲ್ಲಿ ಮಣ್ಣು ಕುಸಿದು ದಾರಿ ಬಂದ್ ಎಂದು ಬೆಳಿಗ್ಗೆ ಸುದ್ದಿ ಬಂತು. ಬೇರೆ ಘಟ್ಟ ಇದೆಯಲ್ಲ ಮಾವ ಎಂದೆ. ಆ ಘಟ್ಟದ ತುಂಬ ಲಾರಿಗಳಂತೆ, ಹೊಗೆಯಂತೆ, ಬೇಡವಂತೆ. "ಓಪನ್ ಆಗ್ಲಿ ಬಿಡು, ಘಟ್ಟ ಎಲ್ ಹೋಯ್ತದೆ?" ಎಂದು ಶೂ ಬಿಚ್ಚಿ ಅಂಗಡಿಗೆ ಹೋದರು. ಘಟ್ಟ ಎಲ್ಲೂ ಹೋಗುವುದಿಲ್ಲ, ಹೋಗುತ್ತಿರುವುದು ನಿನ್ನ ಕೈ ಎಂದು ಹೇಳಬೇಕೆನಿಸಿತು. ಬ್ಯಾಗು ಒಳಗಿಟ್ಟೆ.

ಅಷ್ಟು ಸಿಟ್ಟು ಬಂದರೆ ನೀನ್ಯಾಕೆ ತಲೆ ಕೆಡಿಸಿಕೊಳ್ಳುತ್ತಿದ್ದೆ, ಬಿಟ್ಟು ಸುಮ್ಮನಿರಬಾರದಿತ್ತೇ ಎಂದು ಈಗ ನನ್ನ ಗಂಡ ಕೇಳುತ್ತಾರೆ. ಬಿಡುವ ಹಾಗಿರಲಿಲ್ಲ. ನಾನು ಪಿಯುಸಿ ಮುಗಿಸಿದ ವರ್ಷ ನಮ್ಮಜ್ಜಿ ನನ್ನನ್ನು ಇದೇ ಮಾವನಿಗೆ ಕೊಡುವುದೆಂದು ತೀರ್ಮಾನ ಮಾಡಿದ್ದರು. ನಮ್ಮಲ್ಲಿ ಅಕ್ಕನ ಮಗಳನ್ನು ತಮ್ಮ ಮಾಡಿಕೊಳ್ಳುವುದು ಹೊಸದಲ್ಲ. ನಮ್ಮಮ್ಮನೂ ಒಪ್ಪಿದ್ದಳು. ನನ್ನನ್ನು ಯಾರೂ ಕೇಳಿರಲಿಲ್ಲ. ಹಜಾರದಲ್ಲಿ ಎಲ್ಲರೂ ಕೂತು ತಟ್ಟೆಯಲ್ಲಿ ಎಲೆಯಡಿಕೆ ಇಟ್ಟಾಗ ಮಾವ ಎದ್ದು ನಿಂತು, "ಇವ್ಳು ನನ್ ಕೈಯಾಗೆ ಬೆಳ್ದಿರೋ ಕೂಸು. ಬೇಕಾದ್ರೆ ಇವ್ಳಿಗೆ ಗೇರ್ ಹಾಕೋದು ಕಲುಸ್ತೀನಿ. ತಾಳಿ ಕಟ್ಟಾಕಿಲ್ಲ," ಎಂದರು. ಅಜ್ಜಿ ಎರಡು ತಿಂಗಳು ಅವರ ಜೊತೆ ಮಾತು ಬಿಟ್ಟರು. ಮುಂದಿನ ವರ್ಷ ಅವರು ಪಾವಗಡದ ಕಡೆಯಿಂದ ಅತ್ತೆಯನ್ನು ಮದುವೆಯಾಗಿ ತಂದರು.

ಆಡಿದ ಮಾತಿನಂತೆ ಗೇರ್ ಹಾಕುವುದನ್ನೂ ಕಲಿಸಿದರು. ಊರಾಚೆಯ ಬಯಲಿನಲ್ಲಿ ನಾನು ಅಭ್ಯಾಸದಂತೆ ಹಿಂದೆ ಹತ್ತಿ ಕೂತರೆ, "ಹಿಂದೆ ಅಲ್ಲ, ಮುಂದೆ ಕುಕ್ಕೊ," ಎಂದು ಗದರಿದರು. ಅವತ್ತು ಮುಂದೆ ಕೂತವಳು ಅದೇ ಗಾಡಿಯಲ್ಲಿ ಡಿಗ್ರಿ ಓದಿದೆ, ಕೆಲಸಕ್ಕೆ ಸೇರಿದೆ, ನನಗೆ ಬೇಕಾದವರನ್ನು ಮದುವೆಯಾದೆ. ಇಂಥವರು ಒಂದೇ ಒಂದು ಆಸೆ ಹೇಳಿದಾಗ ಬಿಡುವುದು ಹೇಗೆ?

ಎರಡನೇ ಸಲ ಸಂಕ್ರಾಂತಿ ಕಳೆದು ಹೊರಟೆವು. ಹೊರಡುವ ಹಿಂದಿನ ದಿನ ನಾನು ಸ್ಪಷ್ಟವಾಗಿ ಹೇಳಿದ್ದೆ, ರೊದ್ದಂ ದಾಟಿದ ಮೇಲೆ ಪೆನ್ನೇರಿಗೆ ಅಡ್ಡಲಾಗಿ ಇದ್ದ ತಗ್ಗು ಸೇತುವೆ ನೀರಿಗೆ ಕಿತ್ತುಹೋಗಿದೆ, ಪಾವಗಡದ ಮೇಲೆ ಸುತ್ತಿ ಹೋಗೋಣ ಎಂದು. ಮಾವ ಕಲ್ಯಾಣದುರ್ಗಕ್ಕೆ ಫೋನು ಹಚ್ಚಿದರು. ಅಲ್ಲಿದ್ದದ್ದು ಅವರ ದೊಡ್ಡಮ್ಮನ ಮಗಳು, ನನಗೆ ದೊಡ್ಡಮ್ಮ ಆಗಬೇಕು. ಮಾವನನ್ನು ಸೊಂಟದ ಮೇಲೆ ಎತ್ತಿ ಆಡಿಸಿದವರು. ಸ್ಪೀಕರಿನಲ್ಲಿ ದೊಡ್ಡಮ್ಮನ ದನಿ ಮನೆಯೆಲ್ಲ ಕೇಳಿಸಿತು. "ಸೇತ್ವೆನಾ? ಅದ್ಯಾವಾಗ್ಲೋ ಆಯ್ತು ಕಣಪ್ಪ. ದಾರಿ ಚೆನ್ನಾಗೈತೆ, ಬಾ. ಓಳ್ಗೆ ಮಾಡ್ತೀನಿ."

ಸೇತುವೆ ಆಗಿರಲಿಲ್ಲ. ರಸ್ತೆ ನೇರವಾಗಿ ಹೋಗಿ ಒಂದು ಮಣ್ಣಿನ ಗುಡ್ಡೆಗೆ ಮುಟ್ಟಿ ನಿಂತಿತು. ಗುಡ್ಡೆಯ ಮೇಲೆ ದಾರಿಗೆ ಅಡ್ಡ ಹಾಕಿದ ಮುಳ್ಳಿನ ಕಂಪೆ. ಮಾವನದೊಂದು ನಿಯಮವಿತ್ತು. ದಾರಿಯನ್ನು ಎದುರಿನಿಂದ ಬರುವವನನ್ನೇ ಕೇಳಬೇಕು, ಅವನು ನೋಡಿಕೊಂಡು ಬಂದಿರುತ್ತಾನೆ ಎಂದು. ಎದುರಿನಿಂದ ಕುರಿ ಹೊಡೆದುಕೊಂಡು ಒಬ್ಬ ಬಂದ. "ಬೈಕು ಪೋತುಂದಾ?" ಎಂದರು ಇವರು ತೆಲುಗಿನಲ್ಲಿ. "ಪೋತುಂದಿ, ಪೋತುಂದಿ," ಹೋಗುತ್ತದೆ ಎಂದ ಅವನು. ಅವನು ದಾಟಿ ಬಂದದ್ದು ಕುರಿಗಳ ಜೊತೆ, ಕಾಲ್ನಡಿಗೆಯಲ್ಲಿ. ಮುಂದೆ ನೋಡಿದರೆ ಒಂದಾಳು ಆಳದ ಕಂದಕ. ವಾಪಸ್ ತಿರುಗಿದೆವು. ನನ್ನ ಮೂರು ದಿನದ ರಜ ಮಣ್ಣುಪಾಲಾಯಿತು.

ದಾರಿಯಲ್ಲಿ ಕಬ್ಬಿನ ಹಾಲು ಕುಡಿಯಲು ನಿಂತಾಗ ನನಗೆ ತಡೆಯಲಾಗಲಿಲ್ಲ. "ಅವ್ರೆಲ್ಲ ಸುಳ್ಳು ಹೇಳ್ತಾರೆ ಅಂತ ನಿನ್ಗೆ ಗೊತ್ತಾಗಲ್ವಾ ಮಾವ?" ಎಂದೆ.

"ಗೊತ್ತು ಕಣಮ್ಮ."

"ಗೊತ್ತಿದ್ದೂ ಯಾಕೆ ಕೇಳ್ತೀಯ?"

ಅವರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. "ನಾನು ಬತ್ತೀನಿ ಅಂದ್ರೆ, ದಾರಿ ಸರಿಗಿಲ್ಲ ಬರ್ಬ್ಯಾಡ ಅನ್ನಾಕೆ ಯಾರ್ಗಾನಾ ಬಾಯ್ ಬತ್ತದಾ? ಯಾವೋನಾದ್ರೂ ಅಂಗಂದ ಅನ್ನು, ಅವತ್ತೇ ಗಾಡಿ ಮಾರ್ಬುಡ್ತೀನಿ."

ಇಂಥವರ ಹತ್ತಿರ ಏನು ಮಾತಾಡುವುದು? ದುಡ್ಡು ಕೊಟ್ಟು ಗಾಡಿ ಹತ್ತಿದೆ.

ಮೂರನೇ ಸಲ ಹೊರಡುವಷ್ಟರಲ್ಲಿ ಬೇಸಿಗೆಯ ಬಾಗಿಲಿಗೆ ಬಂದಿದ್ದೆವು. ಕೈ ಈಗ ಕ್ಲಚ್ಚಿನ ಮೇಲೂ ಒಮ್ಮೊಮ್ಮೆ ಅಲುಗುತ್ತಿತ್ತು. ಅವರು ಅದನ್ನು ಮುಚ್ಚಿಡಲು ಗಾಡಿ ನಿಲ್ಲಿಸಿದ ಕೂಡಲೇ ಕೈಯನ್ನು ಜೇಬಿಗೆ ತುರುಕುತ್ತಿದ್ದರು. ಈ ಸಲ ಬಿಟ್ಟರೆ ಇಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಪಾವಗಡದ ಮೇಲೆ ಹೋಗೋಣವೆಂದು ಕೈಮುಗಿದೆ. ಆದರೆ ದೊಡ್ಡಮ್ಮ, "ಈಗ ನಿಜ್ವಾಗ್ಲೂ ಆಗೈತೆ ಕಣಪ್ಪ, ನಮ್ಮ ಬೀದಿ ಜೀಪೇ ಓಡಾಡ್ತೈತೆ," ಎಂದುಬಿಟ್ಟರು. ಪೆನ್ನೇರಿನ ದಾರಿ ಎಂದರೆ ಮಾವನಿಗೆ ಮೊದಲೇ ಪ್ರಾಣ.

ಸೇತುವೆಗೆ ಕಂಬ ಎದ್ದಿತ್ತು, ಮೇಲೆ ಏನೂ ಇರಲಿಲ್ಲ. ಪಕ್ಕದಲ್ಲಿ ಮರಳಿನೊಳಗೆ ಟ್ರ್ಯಾಕ್ಟರು ಓಡಾಡಿದ ಜಾಡು. ಬೇಡ ಎನ್ನುವಷ್ಟರಲ್ಲಿ ಮಾವ ಇಳಿದೇ ಬಿಟ್ಟರು. ನಡು ಹೊಳೆಗೆ ಬರುವಷ್ಟರಲ್ಲಿ ಚಕ್ರ ಹೂತಿತು. ಕ್ಲಚ್ ಹಿಡಿದು ಬಿಡುವಾಗ ಕೈ ಒಂದೇ ಸಮನೆ ನಡುಗತೊಡಗಿತು. ಗಾಡಿ ಜಗ್ಗಿ ಜಗ್ಗಿ ನಿಂತು, ಮೆಲ್ಲಗೆ ಎಡಕ್ಕೆ ವಾಲಿ ಮಲಗಿತು. ಅವರಿಗೆ ಪೆಟ್ಟಾಗಲಿಲ್ಲ. ನನ್ನ ಗಾಡಿ ಬಿಟ್ಟು ಓಡಿಹೋದೆ. ಮಾವ ಮರಳಿನ ಮೇಲೆ ಕೂತು ತಮ್ಮ ಎಡಗೈಯನ್ನೇ ನೋಡುತ್ತಿದ್ದರು, ಯಾರದೋ ಕೈಯನ್ನು ನೋಡುವ ಹಾಗೆ. ನನಗೆ ಅಳು ಬಂತು, ಜೊತೆಗೇ ಕೋಪವೂ ಬಂತು. ಕೋಪ ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಆ ಕಂಬಗಳ ಮೇಲಿರಬೇಕು.

ಸೇತುವೆ ಕೆಲಸದವರು ಇಬ್ಬರು ಬಂದು ಎರಡೂ ಗಾಡಿಗಳನ್ನು ಆಚೆ ದಡಕ್ಕೆ ತಳ್ಳಿಕೊಟ್ಟರು. ಅಲ್ಲಿಂದ ಕಲ್ಯಾಣದುರ್ಗದವರೆಗೆ ಮಾವ ಹೇಗೆ ಓಡಿಸಿದರೋ ದೇವರೇ ಬಲ್ಲ. ಗಾಳಿಯಂತ್ರಗಳು ಗುಡ್ಡದ ಮೇಲೆ ತಿರುಗುತ್ತಿದ್ದವು. ಅವರು ಆ ಕಡೆ ತಲೆಯೆತ್ತಲಿಲ್ಲ.

ದೊಡ್ಡಮ್ಮ ಬಾಗಿಲಲ್ಲೇ ನಿಂತಿದ್ದರು. ನಾನು ಹೆಲ್ಮೆಟ್ ತೆಗೆಯುವ ಮೊದಲೇ ಶುರು ಮಾಡಿದೆ. "ಸೇತ್ವೆ ಆಗೈತೆ ಅಂದ್ಯಲ್ಲ ದೊಡ್ಡಮ್ಮ, ಎಲ್ಲಿ ಆಗೈತೆ?" ಅವರು ನನ್ನ ಕಡೆ ನೋಡಲೇ ಇಲ್ಲ. ತಮ್ಮನ ಪ್ಯಾಂಟಿಗೆ ಮೆತ್ತಿದ ಮರಳನ್ನು ಸೆರಗಿನಿಂದ ಕೊಡವುತ್ತಾ, "ಬಂದ್ಯಲ್ಲ, ಬಾ, ಕುಕ್ಕೊ," ಎಂದರು. ಹೋಳಿಗೆ ಮಾಡಿದ್ದರು. ಮಾವನ ಕೈಯಲ್ಲಿ ತುತ್ತು ನಿಲ್ಲುವುದಿಲ್ಲವೆಂದು ನೋಡಿ, ಏನೂ ಕೇಳದೆ, ಮುರಿದು ತುಪ್ಪಕ್ಕೆ ಅದ್ದಿ ತಾವೇ ಬಾಯಿಗಿಟ್ಟರು. ಮಾವ ಸುಮ್ಮನೆ ತಿಂದರು.

ಊಟವಾದ ಮೇಲೆ ಮಾವ ಗಾಡಿಯ ಕೀಯನ್ನು ದೊಡ್ಡಮ್ಮನ ಮನೆಯ ಮೊಳೆಗೆ ನೇತುಹಾಕಿದರು. "ಇದು ಇಲ್ಲೇ ಇರ್ಲಿ ಅಕ್ಕ." ನನ್ನ ಕಡೆ ತಿರುಗಿ, "ನಡಿಯಮ್ಮ. ಪಾವಗಡದ್ ಮೇಲೆ ಊರಿಗೆ ಹೋಗಾನ. ನಾನು ಹಿಂದೆ ಕುಕ್ಕಂತೀನಿ," ಎಂದರು. ಗಾಡಿ ಕಲಿಸಿದ ಮೇಲೆ ಅವರು ನನ್ನ ಹಿಂದೆ ಕೂತದ್ದು ಅದೇ ಮೊದಲು. ಹಿಂದೂಪುರದವರೆಗೂ ಅವರ ಎಡಗೈ ನನ್ನ ಭುಜದ ಮೇಲೆ ನಡುಗುತ್ತಲೇ ಇತ್ತು. ಕಾರವಾರದ ಹೆಸರನ್ನು ಮತ್ತೆ ಅವರು ಎತ್ತಲಿಲ್ಲ.

ಮಳೆಗಾಲ ಶುರುವಾಗುವ ಮೊದಲು, ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ಹನ್ನೊಂದನೇ ದಿನಕ್ಕೆ ಎಲ್ಲ ಊರುಗಳಿಂದಲೂ ನೆಂಟರು ಬಂದರು. ಸುತ್ತಿ ಬಳಸಿ, ಎರಡು ಮೂರು ಕಡೆ ಬಸ್ಸು ಬದಲಾಯಿಸಿ ಬಂದರು. ದಾರಿ ಹೇಗಿದೆ ಎಂದು ಅವರಲ್ಲಿ ಒಬ್ಬರೂ ಮೊದಲೇ ಫೋನು ಮಾಡಿ ಕೇಳಿರಲಿಲ್ಲ. ನನಗೆ ಸಮಾಧಾನವಾಗಲಿಲ್ಲ, ನಿಜ ಹೇಳುತ್ತೇನೆ. ಇವರಲ್ಲಿ ಒಬ್ಬರಾದರೂ ದಾರಿ ಕೆಟ್ಟಿದೆ ಎಂದು ಹೇಳಿದ್ದರೆ ಮಾವ ಸಮುದ್ರ ನೋಡಿರುತ್ತಿದ್ದರು ಎಂಬ ಸಂಕಟ ಇವತ್ತಿಗೂ ಇದೆ.

ಹೋದ ತಿಂಗಳು ದೊಡ್ಡಮ್ಮ ಫೋನು ಮಾಡಿದರು. "ಗಾಡಿ ಧೂಳ್ ತಿಂತಾ ಐತೆ ಕಣಮ್ಮ. ನಿಮ್ಮತ್ತೆ ನಿನ್ಗೇ ಕೊಡು ಅಂದವ್ಳೆ. ಯಾವಾಗ್ ಬತ್ತೀಯ?"

"ಸೇತ್ವೆ ಆಯ್ತಾ ದೊಡ್ಡಮ್ಮ?"

"ಓ, ಆಗೈತೆ. ದಾರಿ ಚೆನ್ನಾಗೈತೆ, ಬಾ."

ಆಗಿರಲಿಲ್ಲ. ಬಸ್ಸು ಪಾವಗಡದ ಮೇಲೆ ಸುತ್ತಿಕೊಂಡು ಹೋಯಿತು. ದೊಡ್ಡಮ್ಮ ಬಾಗಿಲಲ್ಲೇ ನಿಂತಿದ್ದರು. ಈ ಸಲ ನಾನು ಜಗಳವಾಡಲಿಲ್ಲ. "ಬಂದ್ಯಲ್ಲ," ಎಂದರು, ಕೂತೆ, ಬಡಿಸಿದ್ದನ್ನು ಉಂಡೆ. ಮೊಳೆಯಿಂದ ಕೀ ತೆಗೆದುಕೊಂಡು ಗಾಡಿ ಹೊರಗೆ ತಂದೆ. ಬಗ್ಗಿಸಿದ ಕ್ಲಚ್ಚು ನನ್ನ ಕೈಗೆ ಹೊಂದಲಿಲ್ಲ, ಬೆರಳು ನೋಯಿತು. ಸರಿ ಮಾಡಿಸಬೇಕೆಂದು ಅನ್ನಿಸಲಿಲ್ಲ.

"ರಾಯದುರ್ಗದ್ ಕಡೆ ದಾರಿ ಹೆಂಗೈತೆ ದೊಡ್ಡಮ್ಮ?" ಎಂದು ಕೇಳಿದೆ.

ಅವರು ಆ ಕಡೆ ಹೋಗಿ ಎಷ್ಟು ವರ್ಷವಾಗಿತ್ತೋ. ಆದರೂ ಒಂದು ಗಳಿಗೆ ಯೋಚಿಸಿದವರ ಹಾಗೆ ನಿಂತು, ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಚೆನ್ನಾಗೈತೆ ಕಣಮ್ಮ, ಹೋಗು," ಎಂದರು.

ಈ ಸಲ ಮ್ಯಾಪು ನೋಡಲಿಲ್ಲ. ಅತ್ತೆಗೆ ಫೋನು ಮಾಡಿ ಕಾರವಾರಕ್ಕೆ ಹೋಗಿಬರುತ್ತೇನೆ ಎಂದು ಹೇಳಿ ಗೇರ್ ಹಾಕಿದೆ.