ಕೆಮ್ಮು ತೆಗೆದದ್ದು

ಸ್ಟುಡಿಯೋದ ಒಳಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂರುವವನನ್ನು ಎಲ್ಲರೂ ಕತ್ತರಿ ಎಂದೇ ಕರೆಯುತ್ತಿದ್ದರು. ಆರು ವರ್ಷದಿಂದ ಅವನ ಕೆಲಸ ಒಂದೇ: ಊರವರ ಕ್ಯಾಮೆರಾಗಳಲ್ಲಿದ್ದುದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವುದು, ಓರೆಯಾದದ್ದನ್ನು ನೆಟ್ಟಗೆ ಮಾಡುವುದು, ಕೆಂಪಗೆ ಬಂದ ಕಣ್ಣನ್ನು ಕಪ್ಪು ಮಾಡುವುದು, ಬೇಡದ್ದನ್ನು ಕತ್ತರಿಸುವುದು. ಅವನೇ ತೆಗೆದ ಫೋಟೋಗಳಲ್ಲಿ ಮಾತ್ರ ಅರ್ಧ ಆಕಾಶ, ಅರ್ಧ ಹೆಬ್ಬೆರಳು. ತನ್ನ ಮದುವೆಯ ದಿನ ಅಣ್ಣನ ಕೈಗೆ ಯಾರೂ ಕ್ಯಾಮೆರಾ ಕೊಡಕೂಡದೆಂದು ತಂಗಿ ವಾರ ಮೊದಲೇ ಹೇಳಿಟ್ಟಿದ್ದಳು. ಆದರೆ ಬೇರೆಯವರ ತಪ್ಪು ತಿದ್ದುವುದರಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ಅವನಿಗೆ. ಸಂಬಳ ನೋಡಿದರೆ ಆ ಸಂಗತಿ ಯಜಮಾನರ ಕಿವಿಗೆ ಇನ್ನೂ ಬಿದ್ದಂತಿರಲಿಲ್ಲ.

ಒಂದು ಸೋಮವಾರ ಕೌಂಟರಿನ ಅಕ್ಕ ಅವನ ಮೇಜಿನ ಮೇಲೆ ಪುಟ್ಟ ಕ್ಯಾಮೆರಾವೊಂದನ್ನು ಚೀಟಿಯ ಸಮೇತ ಇಟ್ಟುಹೋದಳು. 'ಒಬ್ಬರು ಅಜ್ಜಿಯದು. ವಿಡಿಯೋಗಳಲ್ಲಿರುವ ಕೆಮ್ಮು ತೆಗೆಯಬೇಕು. ಗುರುವಾರ ಬರುತ್ತಾರೆ' ಎಂದಿತ್ತು ಚೀಟಿಯಲ್ಲಿ.

ಒಟ್ಟು ಹದಿನಾಲ್ಕು ವಿಡಿಯೋ. ಅಜ್ಜಿ ಕಾಳು ಆರಿಸುವುದು, ಮೊಮ್ಮಗಳು ಸೈಕಲ್ಲಿನಿಂದ ಬೀಳುವುದು, ಕಿಟಕಿಯಲ್ಲಿ ಕೂತ ಬೆಕ್ಕು ಆಕಳಿಸುವುದು. ಎಲ್ಲದರಲ್ಲೂ ಕ್ಯಾಮೆರಾದ ಹಿಂದಿನಿಂದ ಯಾರೋ ಕೆಮ್ಮುತ್ತಿದ್ದರು. ಒಂದು ಕೆಮ್ಮಿಗಂತೂ ಬೆಕ್ಕೇ ಎದ್ದು ನಡೆದಿತ್ತು. ಕತ್ತರಿ ಹಟ ಹಿಡಿದು ಕುಳಿತ. ಎರಡು ದಿನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಕೆಮ್ಮುಗಳನ್ನು ಹೇನು ಹೆಕ್ಕಿದಂತೆ ಹೆಕ್ಕಿ ಎಸೆದು, ಆ ಜಾಗಕ್ಕೆಲ್ಲ ಅದೇ ಮನೆಯ ಫ್ಯಾನಿನ ಸದ್ದಿನ ತೇಪೆ ಹಾಕಿದ. ಲೆಕ್ಕಕ್ಕೆ ಸಿಕ್ಕಿದ್ದು ಇಪ್ಪತ್ತಮೂರು. ಆಮೇಲೆ ಕ್ಯಾಮೆರಾದಲ್ಲೂ ಕಂಪ್ಯೂಟರಿನಲ್ಲೂ ಇದ್ದ ಹಳೆಯ ವಿಡಿಯೋಗಳನ್ನು ಅಳಿಸಿ, ಹೊಸವನ್ನು ತುಂಬಿ, ಕೈ ಕೊಡವಿಕೊಂಡು ಎದ್ದ.

ಗುರುವಾರ ಅಜ್ಜಿ ಬಂದು ಕುರ್ಚಿಯ ತುದಿಯಲ್ಲಿ ಕುಳಿತರು. ಅವನು ಒಂದೊಂದಾಗಿ ತೋರಿಸತೊಡಗಿದ. ಅವರು ನೋಡುವುದಕ್ಕಿಂತ ಹೆಚ್ಚಾಗಿ ಸ್ಪೀಕರಿನ ಕಡೆಗೆ ಕಿವಿ ಕೊಟ್ಟಿದ್ದರು. ಮೂರು ವಿಡಿಯೋ ಮುಗಿದವು. ನಾಲ್ಕನೆಯದರಲ್ಲಿ ಬೆಕ್ಕು ಎದ್ದು ಹೋಯಿತು.

"ಇದು ಸುಮ್ಮಸುಮ್ಮನೆ ಯಾಕಪ್ಪಾ ಎದ್ದುಹೋಯ್ತು?"

"ಕೆಮ್ಮಿಗೆ ಅಜ್ಜಿ. ಅದನ್ನ ತೆಗೆದಿದ್ದೀನಲ್ಲ."

"ತೆಗೆದು ಎಲ್ಲಿಟ್ಟಿದ್ದೀಯ?"

"ಇಡೋದೇನು, ತೆಗೆದೇ ಬಿಟ್ಟೆ."

ಅಜ್ಜಿ ಸ್ಪೀಕರಿನಿಂದ ಅವನತ್ತ ತಿರುಗಿದರು. "ನಾನು ತೆಗೆದುಕೊಡಿ ಅಂದಿದ್ದೆ ಮಗಾ," ಎಂದರು. "ಅವರು ಯಾವಾಗಲೂ ಕ್ಯಾಮೆರಾ ಹಿಂದೇನೇ ಇರ್ತಿದ್ರು. ಒಂದರಲ್ಲೂ ಮುಖ ಇಲ್ಲ, ಮಾತೂ ಇಲ್ಲ. ಇದ್ದಿದ್ದು ಅದೊಂದು ಕೆಮ್ಮು."

ಅಜ್ಜಿಯ ಗಂಡ ತೀರಿಕೊಂಡು ಎರಡು ವರ್ಷವಾಗಿತ್ತಂತೆ. ಆ ಕೆಮ್ಮುಗಳೆಲ್ಲ ಒಂದೇ ಕಡೆ ಸಿಕ್ಕರೆ ಬೇಕೆನಿಸಿದಾಗ ಕೇಳಬಹುದು ಎಂಬುದಷ್ಟೇ ಅಜ್ಜಿಯ ಆಸೆ.

ಕತ್ತರಿ ಗಡಬಡಿಸಿ ಕಂಪ್ಯೂಟರಿನತ್ತ ತಿರುಗಿದ. ಅಳಿಸಿದ್ದು ಹೋಗಿ ಬೀಳುವ ಕಂಪ್ಯೂಟರಿನ ಕಸದಬುಟ್ಟಿಯ ನೆನಪಾಗಿ, ಅದನ್ನೇನಾದರೂ ಖಾಲಿ ಮಾಡಿದೆಯಾ ಎಂದು ಅಕ್ಕನನ್ನು ಕೂಗಿ ಕೇಳಿದ. ನಿನ್ನ ಕಸ ಎತ್ತುವುದಕ್ಕೆ ನನ್ನನ್ನು ಇಟ್ಟುಕೊಂಡಿಲ್ಲ ಎಂಬ ಉತ್ತರ ಬಂತು. ತೆರೆದು ನೋಡಿದರೆ ಹದಿನಾಲ್ಕೂ ಅಲ್ಲೇ ಬಿದ್ದಿದ್ದವು. ಖಾಲಿ ಮಾಡು ಎಂದು ಯಜಮಾನರು ಮೂರು ವಾರದಿಂದ ಬೈಯುತ್ತಿದ್ದರೂ ಅವನು ಮಾಡಿರಲಿಲ್ಲ. ತನ್ನ ಸೋಮಾರಿತನವನ್ನು ಅವನು ಮೊದಲ ಸಲ ಮನಸಾರೆ ಮೆಚ್ಚಿಕೊಂಡ.

ಮತ್ತೆ ಇಬ್ಬರೂ ಕುಳಿತರು. ಈ ಸಲ ಕೆಮ್ಮನ್ನು ಇಟ್ಟುಕೊಂಡು ಉಳಿದದ್ದನ್ನು ಕತ್ತರಿಸುವ ಕೆಲಸ. ಸೈಕಲ್ ಬಿದ್ದಾಗಿನದು ನಗು ಮುಚ್ಚಿಕೊಳ್ಳಲು ಕೆಮ್ಮಿದ್ದು, ಕಾಳಿನ ಹತ್ತಿರದ್ದು ಟೀ ಇನ್ನೂ ಆಗಲಿಲ್ಲವೇ ಎಂದು ಕೇಳಿದ್ದು, ಬೆಕ್ಕಿನದು ಬೇಕೆಂತಲೇ ಮಾಡಿದ್ದು ಎಂದು ಅಜ್ಜಿ ಒಂದೊಂದಕ್ಕೂ ಅರ್ಥ ಹೇಳಿದರು. ಹೇಳುತ್ತಾ ಹೇಳುತ್ತಾ ಕುರ್ಚಿಯ ತುದಿ ಬಿಟ್ಟು ಒರಗಿ ಕುಳಿತರು. ಎರಡು ದಿನ ಅದೇ ಕೆಮ್ಮನ್ನು ಕೇಳಿಯೂ ತಾನೇನೂ ಕೇಳಿರಲಿಲ್ಲ ಎಂದು ಕತ್ತರಿಗೆ ಅನಿಸಿತು.

ಹತ್ತೊಂಬತ್ತನೆಯದು ಉದ್ದವಾಗಿತ್ತು, ಗೊರಗೊರ ಎನ್ನುತ್ತಿತ್ತು. ಅಜ್ಜಿಯ ಹುಬ್ಬು ಗಂಟಾಯಿತು.

"ಇದೊಂದು ನಿಜವಾದ ಕೆಮ್ಮು. ಔಷಧಿ ಕುಡೀರಿ ಅಂದ್ರೆ ಕೇಳ್ತಾನೇ ಇರಲಿಲ್ಲ."

ಕತ್ತರಿ ಮೌಸಿನಿಂದ ಕೈ ತೆಗೆದು ಕೇಳಿದ: "ಇದನ್ನ ತೆಗೆದುಬಿಡೋದಾ ಅಜ್ಜಿ, ತೆಗೆದಿಡೋದಾ?"

ಅಜ್ಜಿ ಅದನ್ನು ಇನ್ನೊಮ್ಮೆ ಹಾಕಿಸಿ ಕೇಳಿದರು.

"ಇಡು. ಬೈಯೋದಕ್ಕೆ ಒಂದಾದರೂ ಬೇಕಲ್ಲ."